ಹೈಸ್ಕೂಲ್ ಮಕ್ಕಳಿಗೆ ಮೇಷ್ಟ್ರು ವಾಟ್ಸ್ಆ್ಯಪ್ ಮಾಡಬೇಕಾ, ಬೇಡ್ವಾ?

ಮಲ್ನಾಡ್_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಂದು ವಿಷಯಕ್ಕೆ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

ನಮ್ಮಲ್ಲಿ ಪ್ರತಿ ಕ್ಲಾಸಿಗೂ ಒಂದು ವಾಟ್ಸ್ಆ್ಯಪ್ ಗ್ರೂಪ್ ಇದೆ. ಕೊರೊನಾ ಸಮಯದಲ್ಲಿ, ಮಕ್ಕಳ ಊರಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ನಡೆಯುತ್ತಿದ್ದಾಗ ಶುರುವಾದ ಅಭ್ಯಾಸ. ಆಮೇಲೆ ಯಾರೂ ನಿಲ್ಲಿಸಲಿಲ್ಲ. ಈಗ ಹತ್ತನೇ ಕ್ಲಾಸಿನ ಗ್ರೂಪ್ ತೆಗೆದು ನೋಡಿದರೆ ಅಪ್ಪನ ನಂಬರ್ ಕೆಲವು, ಅಣ್ಣನದು ಕೆಲವು, ಮಕ್ಕಳದೇ ಒಂದಿಷ್ಟು, ಪಕ್ಕದ ಮನೆಯವರದೂ ಒಂದು ಇದೆ. ಹೋದ ವರ್ಷ ಪಾಸಾಗಿ ಹೋದ ಹುಡುಗರು ಇನ್ನೂ ಒಳಗೇ ಇದ್ದಾರೆ.

ಮೊನ್ನೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತರು. ನಮ್ಮ ಶಿಕ್ಷಕರೊಬ್ಬರು ಅವರ ಮಗಳಿಗೆ ರಾತ್ರಿ ಹತ್ತು ಗಂಟೆ ಮೇಲೆ ಮೆಸೇಜ್ ಮಾಡಿದ್ದರು. 'ನಾಳೆ ಪ್ರಾಜೆಕ್ಟ್ ಪುಸ್ತಕ ಮರೀಬೇಡ' ಅಂತ, ಅಷ್ಟೇ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದನ್ನು ಆ ತಂದೆಯೂ ಒಪ್ಪಿದರು. ಆದರೆ 'ಇದನ್ನು ಕ್ಲಾಸಲ್ಲೇ ಯಾಕೆ ಹೇಳಲಿಲ್ಲ?' ಎಂದು ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಈಗ ಎಚ್‌ಎಂ (ಮುಖ್ಯಶಿಕ್ಷಕರು) ಎಲ್ಲ ಗ್ರೂಪ್ ಮುಚ್ಚಿಬಿಡಿ ಅನ್ನುತ್ತಿದ್ದಾರೆ.

ಪೂರ್ತಿ ಮುಚ್ಚುವುದು ನನಗೆ ಸರಿ ಕಾಣುತ್ತಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಹಳ್ಳ ಬಂದರೆ ಅರ್ಧ ಮಕ್ಕಳು ಬರುವುದಿಲ್ಲ. ಅವರಿಗೆ ತಲುಪಲು ಬೇರೆ ದಾರಿ ಇಲ್ಲ. ಹಾಗಂತ ಈಗಿರುವ ರೀತಿ ಬಿಟ್ಟರೂ ಆಗುವುದಿಲ್ಲ. ನಿಮ್ಮ ಶಾಲೆಗಳಲ್ಲಿ ಹೇಗೆ ಮಾಡುತ್ತಿದ್ದೀರಿ?

ಹಾಸನದ_ಅಮ್ಮ
ನನ್ನ ಮಗಳು ಒಂಬತ್ತನೇ ಕ್ಲಾಸು, ಖಾಸಗಿ ಶಾಲೆ. ಸಂಜೆ ಆರರಿಂದ ರಾತ್ರಿ ಹತ್ತರ ತನಕ ಟಣ್ ಟಣ್ ಅನ್ನುತ್ತಲೇ ಇರುತ್ತದೆ. ಹೋಂವರ್ಕ್ ಮೆಸೇಜ್ ಒಂದೇ. ಅದರ ಕೆಳಗೆ ಸಾಲು ಸಾಲಾಗಿ 'ಓಕೆ ಮ್ಯಾಮ್', 'ಥ್ಯಾಂಕ್ಯೂ ಮ್ಯಾಮ್', ಕೈ ಮುಗಿಯೋ ಚಿತ್ರಗಳು. ಹೋಂವರ್ಕ್ ಹುಡುಕಲು ಮೇಲಕ್ಕೆ ಎಳೆದು ಎಳೆದು ಬೆರಳು ನೋಯುತ್ತದೆ.

ಇನ್ನೊಂದು ತೊಂದರೆ ಇದೆ. 'ಮ್ಯಾಮ್ ಏನೋ ಕಳಿಸಿದ್ದಾರೆ, ನೋಡಬೇಕು' ಅಂತ ಫೋನ್ ತಗೊಂಡರೆ ಒಂದು ಗಂಟೆ ವಾಪಸ್ ಬರುವುದಿಲ್ಲ. ಬೇಡ ಅನ್ನೋಣ ಅಂದರೆ ಶಾಲೆಯವರೇ ಕಾರಣ ಕೊಟ್ಟು ಕೂರಿಸಿದ್ದಾರೆ. ತಾಯಂದಿರ ಈ ಕಷ್ಟ ಟೀಚರ್‌ಗಳಿಗೆ ಗೊತ್ತಾಗುತ್ತಾ?

ನಿವೃತ್ತ_ಮುಖ್ಯಶಿಕ್ಷಕ
ನಿಮ್ಮ ಎಚ್‌ಎಂ ಹೇಳಿದ್ದು ಸರಿ. ಮುಚ್ಚಿ. ಪ್ರಾರ್ಥನೆ ಸಮಯ ಇದೆ, ಕಪ್ಪು ಹಲಗೆ ಇದೆ, ಡೈರಿ ಇದೆ. ಶಾಲೆಗೆ ಫೋನ್ ತರಬೇಡ ಎಂದು ಬೆಳಗ್ಗೆ ಪ್ರಾರ್ಥನೆಯಲ್ಲಿ ಹೇಳುತ್ತೀರಿ. ಸಂಜೆ ಅದೇ ಫೋನಿಗೆ ಪಾಠ ಕಳಿಸುತ್ತೀರಿ. ಮಗು ಯಾವ ಮಾತು ನಂಬಬೇಕು?

ಬೆಂಗಳೂರು_ಕೋಡರ್
ಹಾಸನದ ಅಮ್ಮ ಅವರೇ, ನಿಮ್ಮ ಅರ್ಧ ಸಮಸ್ಯೆಗೆ ಔಷಧಿ ಒಂದೇ ಸೆಟ್ಟಿಂಗ್‌ನಲ್ಲಿದೆ. ಗ್ರೂಪ್ ಸೆಟ್ಟಿಂಗ್ಸ್‌ಗೆ ಹೋಗಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸುವ ಹಾಗೆ ಮಾಡಲು ಟೀಚರ್‌ಗೆ ಹೇಳಿ. 'ಓಕೆ ಮ್ಯಾಮ್' ಕಾಟ ಅಲ್ಲಿಗೇ ನಿಲ್ಲುತ್ತದೆ.

ಮೇಷ್ಟ್ರೇ, ನಿಮಗೆ ಗ್ರೂಪಿಗಿಂತ ಚಾನೆಲ್ ಒಳ್ಳೆಯದು ಅನ್ನಿಸುತ್ತದೆ. 2023ರ ಸೆಪ್ಟೆಂಬರ್‌ನಿಂದ ನಮ್ಮಲ್ಲಿ ಸಿಗುತ್ತಿದೆ. ಫಾಲೋ ಮಾಡುವವರ ನಂಬರ್ ಬೇರೆ ಫಾಲೋವರ್‌ಗಳಿಗೆ ಕಾಣುವುದಿಲ್ಲ, ಯಾರೂ ತಿರುಗಿ ಬರೆಯಲಾರರು. ಈಗ ನಿಮ್ಮ ಗ್ರೂಪಿನಲ್ಲಿ ಪ್ರತಿ ಹುಡುಗಿಯ ನಂಬರ್ ಕ್ಲಾಸಿನ ಎಲ್ಲ ಹುಡುಗರಿಗೂ, ಅವರ ಅಣ್ಣಂದಿರಿಗೂ, ಪಾಸಾಗಿ ಹೋದವರಿಗೂ ಕಾಣುತ್ತಿದೆ. ರಾತ್ರಿ ಹತ್ತರ ಮೆಸೇಜಿಗಿಂತ ನನಗೆ ಹೆದರಿಕೆ ಆಗಿದ್ದು ಅದಕ್ಕೆ.

ಸಿಆರ್‌ಪಿ_ಬೆಳಗಾವಿ
ಚಾನೆಲ್ ಅಂದರೆ ಊರಿನವರೆಲ್ಲ ಹುಡುಕಿ ಬಂದು ನೋಡಬಹುದಲ್ವಾ? ಅದು ಶಾಲೆಗೆ ಹೇಗೆ ಸರಿಹೋಗುತ್ತದೆ?

ಬೆಂಗಳೂರು_ಕೋಡರ್
ಹೌದು, ಹೆಸರಿಟ್ಟು ಹುಡುಕಿದರೆ ಸಿಗಬಹುದು. ಹಾಗಾಗಿ ಅಲ್ಲಿ ಮಕ್ಕಳ ಹೆಸರು, ಫೋಟೊ, ಅಂಕ ಯಾವುದೂ ಬೇಡ. ರಜೆ, ವೇಳಾಪಟ್ಟಿ, ಪಾಠದ ಲಿಂಕ್ ಇಷ್ಟಕ್ಕೆ ಸಾಕು. ಶಾಲೆಯವರಿಗೆ ಮಾತ್ರ ಬೇಕು ಅಂದರೆ ವಾಟ್ಸ್ಆ್ಯಪ್‌ನಲ್ಲೇ ಹಲವು ಗ್ರೂಪ್ ಒಟ್ಟು ಸೇರಿಸುವ ಕಮ್ಯುನಿಟಿ ಮಾಡಿ. ಅದರ ಪ್ರಕಟಣೆ ಗ್ರೂಪಿನಲ್ಲೂ ಒಬ್ಬರ ನಂಬರ್ ಇನ್ನೊಬ್ಬ ಸದಸ್ಯರಿಗೆ ಕಾಣುವುದಿಲ್ಲ, ಅಡ್ಮಿನ್‌ಗೆ ಮಾತ್ರ ಕಾಣುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ನಂಬಬೇಡಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ, 256 ಜನರ ಮಿತಿ ಬೇರೆ.

ರಾಯಚೂರು_ಗಣಿತ
ಸೆಟ್ಟಿಂಗ್ ಎಲ್ಲ ಸರಿ ಸರ್. ಫೋನೇ ಮನೆಯಲ್ಲಿ ಇಲ್ಲದಿದ್ದರೆ? ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮ ಗುಳೆ ಹೋಗುತ್ತಾರೆ. ಬೆಂಗಳೂರಲ್ಲಿ ಕಟ್ಟಡ ಕೆಲಸ. ಮಗು ಅಜ್ಜಿ ಹತ್ತಿರ ಇರುತ್ತದೆ. ಫೋನ್ ಅಪ್ಪನ ಕಿಸೆಯಲ್ಲಿ, ಬೆಂಗಳೂರಲ್ಲಿ. ನಾನು ಹಾಕಿದ ಗಣಿತದ ಹೋಂವರ್ಕ್ ಅಲ್ಲಿ ಯಾವುದೋ ಶೆಡ್ಡಿನಲ್ಲಿ ಟಣ್ ಅನ್ನುತ್ತದೆ. ಎರಡು ನೀಲಿ ಗೆರೆ ಬಂದ ಕೂಡಲೇ ಮಗು ನೋಡಿತು ಅಂದುಕೊಳ್ಳುವ ಹಾಗಿಲ್ಲ.

ಅದಕ್ಕೆ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಮೊದಲು ಹಲಗೆ ಮೇಲೆ ಬರೆಯಬೇಕು. ಮಕ್ಕಳು ಬರೆದುಕೊಂಡ ಮೇಲೆ ಅದೇ ಹಲಗೆಯ ಫೋಟೊ ಗ್ರೂಪಿಗೆ. ಹಲಗೆ ಮೇಲೆ ಇಲ್ಲದ್ದು ಗ್ರೂಪಿನಲ್ಲಿ ಬರಕೂಡದು. ಫೋನ್ ಇಲ್ಲದ ಮಗುವಿಗೆ ಯಾವ ಮಾತೂ ತಪ್ಪಿಹೋಗಬಾರದು ಅನ್ನುವುದೊಂದೇ ಉದ್ದೇಶ. ನೆಟ್ ರೀಚಾರ್ಜ್‌ಗೆ ದುಡ್ಡಿಲ್ಲದ ಮನೆಗಳು ಇನ್ನೂ ಎಷ್ಟೋ ಇವೆ. 2024ರ ಜುಲೈನಲ್ಲಿ ಜಿಯೊ, ಏರ್‌ಟೆಲ್, ವಿಐ ಕಂಪನಿಯವರು ದರ ಏರಿಸಿದ ಮೇಲೆ ನಮ್ಮ ಗ್ರೂಪಿನಲ್ಲಿ ಒಂದೇ ಗೆರೆಯ ಮೆಸೇಜ್‌ಗಳು ಜಾಸ್ತಿಯಾದವು.

ಹಾಸನದ_ಅಮ್ಮ
ಹಲಗೆಯ ಫೋಟೊ! ಇದು ತುಂಬಾ ಹಿಡಿಸಿತು. ನಮ್ಮ ಶಾಲೆಯಲ್ಲೂ ಹೇಳುತ್ತೇನೆ.

ನಿವೃತ್ತ_ಮುಖ್ಯಶಿಕ್ಷಕ
ಹಲಗೆ ಮೇಲೆ ಬರೆದ ಮೇಲೆ ಫೋಟೊ ಯಾಕೆ? ಮಗು ಬರೆದುಕೊಳ್ಳುವುದನ್ನೇ ಬಿಡುತ್ತದೆ. ಕೇರಳದಲ್ಲಿ 2024ರ ಕೊನೆಯಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯೇ ಮಕ್ಕಳಿಗೆ ನೋಟ್ಸ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ ಎಂದು ಸುತ್ತೋಲೆ ಹೊರಡಿಸಿತು. ಅವರಿಗೂ ಅನುಭವದಿಂದಲೇ ಬುದ್ಧಿ ಬಂದದ್ದು.

ರಾಯಚೂರು_ಗಣಿತ
ಸರ್, ಕೇರಳದ ತಕರಾರು ಪಾಠದ ನೋಟ್ಸ್ ಪೂರ್ತಿ ಕಳಿಸುವುದರ ಬಗ್ಗೆ. ಪ್ರಿಂಟ್ ತೆಗೆಸಲು ಪೋಷಕರಿಗೆ ಖರ್ಚು, ಮಕ್ಕಳಿಗೆ ಓದುವ ಹೊರೆ. ಅದು ನಿಜ. ನಾನು ಕಳಿಸುವುದು ಆವತ್ತು ಜ್ವರ ಬಂದು ಮಲಗಿದ ಮಗುವಿಗಾಗಿ.

ಮಂಗಳೂರು_ಮಳೆ
ಕರಾವಳಿಯಲ್ಲಿ ಗ್ರೂಪ್ ಇಲ್ಲದೆ ಜೂನ್, ಜುಲೈ ಕಳೆಯಲು ಸಾಧ್ಯವೇ ಇಲ್ಲ. ಆದರೆ ನಮಗೆ ಬೇರೆಯೇ ತಲೆನೋವು. ರಾತ್ರಿ ಜೋರು ಮಳೆ ಶುರುವಾದ ತಕ್ಷಣ ಹೋದ ವರ್ಷದ ಡಿಸಿ ರಜೆ ಆದೇಶದ ಫೋಟೊ ಓಡಾಡಲು ಶುರು. ಯಾರೋ ತಾರೀಖಿನ ಮೇಲೆ ಬೇರೆ ಅಂಕಿ ಅಂಟಿಸಿರುತ್ತಾರೆ. ನಾಲ್ಕು ಗ್ರೂಪ್ ದಾಟಿ ಬರುವಷ್ಟರಲ್ಲಿ ಅಕ್ಷರ ಮಸುಕಾಗಿ, ಅದೇ ನಿಜ ಅನ್ನಿಸುವ ಹಾಗಾಗುತ್ತದೆ. ಬೆಳಗ್ಗೆ ಅರ್ಧ ಕ್ಲಾಸು ಖಾಲಿ.

ಈಗ ನಮ್ಮ ಶಾಲೆ ನಿಯಮ ಮಾಡಿದೆ. ರಜೆ ಇದೆ ಅಂತ ಎಚ್‌ಎಂ ತಮ್ಮ ದನಿಯಲ್ಲಿ ಹೇಳಿದ ಆಡಿಯೊ ಬಂದರೆ ಮಾತ್ರ ರಜೆ. 'ಇವತ್ತು ಬುಧವಾರ, ನಾಳೆ ಗುರುವಾರ ನಮ್ಮ ಶಾಲೆಗೆ ರಜೆ' ಅಂತ ವಾರದ ಹೆಸರು ಹೇಳಿಯೇ ಹೇಳುತ್ತಾರೆ. ಫೋಟೊ ಬಂದರೆ ಯಾರೂ ನಂಬುವುದಿಲ್ಲ.

ತಾಂಡಾ_ಟೀಚರ್
ಆಡಿಯೊ ಮಾತು ಬಂತಲ್ಲ, ನಾನೂ ಒಂದು ಹೇಳುತ್ತೇನೆ. ವಿಜಯಪುರ ಕಡೆ ತಾಂಡಾದ ಶಾಲೆ ನನ್ನದು. ಅಮ್ಮಂದಿರಲ್ಲಿ ಓದು ಬರುವವರು ಕಡಿಮೆ. ಕನ್ನಡದಲ್ಲಿ ಉದ್ದ ಟೈಪ್ ಮಾಡಿ ಹಾಕಿದರೆ ಅವರು ಮಗುವಿನ ಕೈಗೇ ಫೋನ್ ಕೊಟ್ಟು 'ಏನಂತೆ?' ಅಂತ ಕೇಳಬೇಕು. ಮಗು ತನಗೆ ಬೇಕಾದಷ್ಟು ಮಾತ್ರ ಹೇಳುತ್ತದೆ! ಪೋಷಕರ ಸಭೆ ಅಂತ ಬರೆದದ್ದು ಎಷ್ಟೋ ಮನೆಗೆ ತಲುಪುತ್ತಲೇ ಇರಲಿಲ್ಲ.

ಈಗ ಅರ್ಧ ನಿಮಿಷದ ಆಡಿಯೊ ಮಾಡುತ್ತೇನೆ. ಮೊದಲು ಕನ್ನಡ, ಆಮೇಲೆ ಲಂಬಾಣಿ. ಲಂಬಾಣಿ ನನಗೆ ಬರುವುದಿಲ್ಲ, ನಮ್ಮ ಬಿಸಿಯೂಟದ ಅಕ್ಕ ಹೇಳುತ್ತಾರೆ. ಅವರ ದನಿ ತಾಂಡಾದಲ್ಲಿ ಎಲ್ಲರಿಗೂ ಗುರುತು. ಸಭೆಗೆ ಬರುವ ಅಮ್ಮಂದಿರು ಈಗ ಕಣ್ಣಿಗೆ ಕಾಣುವಷ್ಟು ಜಾಸ್ತಿ ಆಗಿದ್ದಾರೆ.

ಮಲ್ನಾಡ್_ಮೇಷ್ಟ್ರು
ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇಲ್ಲೂ ತೋಟದ ಕೆಲಸಕ್ಕೆ ಬಂದ ಕುಟುಂಬಗಳಿವೆ. ಅವರಿಗೆ ಕನ್ನಡ ಓದಲು ಕಷ್ಟ.

ಪಿಯುಸಿ_ಹುಡುಗಿ
ನಾನು ಹೋದ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದೆ. ನೀವೆಲ್ಲ ದೊಡ್ಡವರು ಮಾತಾಡುತ್ತಿದ್ದೀರಿ. ವಿದ್ಯಾರ್ಥಿ ಕಡೆಯಿಂದ ಒಂದು ಮಾತು ಹೇಳಲಾ?

ಗ್ರೂಪಿನಲ್ಲಿ ಡೌಟ್ ಕೇಳುವುದು ಸುಲಭ ಅಲ್ಲ. ನಾನೊಮ್ಮೆ ಓಮನ ನಿಯಮದ ಲೆಕ್ಕ ಕೇಳಿದೆ. ಸರ್ ಉತ್ತರ ಕೊಡುವ ಮೊದಲೇ ಹುಡುಗರು ಸ್ಟಿಕ್ಕರ್ ಹಾಕಿದರು. ಅದರ ಸ್ಕ್ರೀನ್‌ಶಾಟ್ ಇನ್ನೊಂದು ಗ್ರೂಪಿಗೆ ಹೋಯಿತು. ಹೌದು, ನಿಮ್ಮ ಗ್ರೂಪಿನ ಪಕ್ಕದಲ್ಲೇ ಟೀಚರ್ ಇಲ್ಲದ ಇನ್ನೊಂದು ಗ್ರೂಪ್ ಇರುತ್ತದೆ. ಎಲ್ಲ ಕ್ಲಾಸಿನಲ್ಲೂ ಇರುತ್ತದೆ. ಆಮೇಲೆ ನಾನು ಅಲ್ಲಿ ಏನೂ ಕೇಳಲಿಲ್ಲ. ಸರ್‌ಗೆ ಒಬ್ಬರಿಗೇ ಮೆಸೇಜ್ ಮಾಡಿ ಕೇಳುತ್ತಿದ್ದೆ. ಅವರು ತಾಳ್ಮೆಯಿಂದ ಹೇಳಿಕೊಟ್ಟರು. ಪರೀಕ್ಷೆಯಲ್ಲಿ ಅದೇ ತರಹದ ಲೆಕ್ಕ ಬಂತು, ಬಿಡಿಸಿದೆ.

ಒಬ್ಬೊಬ್ಬರಿಗೇ ಮೆಸೇಜ್ ಬೇಡವೇ ಬೇಡ ಅಂದರೆ ನನ್ನಂಥವರು ಎಲ್ಲಿ ಕೇಳಬೇಕು?

ನಿವೃತ್ತ_ಮುಖ್ಯಶಿಕ್ಷಕ
ಕ್ಲಾಸಿನಲ್ಲಿ ಕೈ ಎತ್ತಿ ಕೇಳಮ್ಮಾ.

ಪಿಯುಸಿ_ಹುಡುಗಿ
ಸರ್, ಸ್ಟಿಕ್ಕರ್ ಹಾಕಿದ ಹುಡುಗರೇ ಕ್ಲಾಸಿನಲ್ಲೂ ಹಿಂದೆ ಕೂತು ನಗುತ್ತಾರೆ.

ಸಿಆರ್‌ಪಿ_ಬೆಳಗಾವಿ
ಅದಕ್ಕೆ ನಮ್ಮ ಕ್ಲಸ್ಟರ್‌ನ (ಅಕ್ಕಪಕ್ಕದ ಶಾಲೆಗಳ ಗುಂಪು) ಒಂದು ಶಾಲೆಯಲ್ಲಿ ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದಾರೆ. ಹೆಸರಿಲ್ಲದ ಚೀಟಿ. ಮರುದಿನ ಟೀಚರ್ ಉತ್ತರವನ್ನು ಎಲ್ಲರ ಮುಂದೆ ಹೇಳುತ್ತಾರೆ, ಬೇಕಾದರೆ ಗ್ರೂಪಿಗೂ ಹಾಕುತ್ತಾರೆ. ಕೇಳಿದವರು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ.

ಧಾರವಾಡ_ವಕೀಲ
ಕಾನೂನಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಇಲ್ಲಿ ಹೆದರಿಕೆಯೂ ಇದೆ, ತಪ್ಪು ತಿಳಿವಳಿಕೆಯೂ ಇದೆ.

ಮೊದಲು ಅಡ್ಮಿನ್ ಹೆದರಿಕೆ. ಗ್ರೂಪಿನಲ್ಲಿ ಯಾರೋ ಕೆಟ್ಟದ್ದು ಹಾಕಿದರೆ ಅಡ್ಮಿನ್ ಜೈಲಿಗೆ ಹೋಗುತ್ತಾರೆ ಅಂತ ಮೇಷ್ಟ್ರುಗಳು ನಡುಗುತ್ತಾರೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹಾಗಲ್ಲ ಅಂತ ಹೇಳಿವೆ. ಇನ್ನೊಬ್ಬರು ಹಾಕಿದ್ದಕ್ಕೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ.

ಎರಡನೆಯದು ಪೋಕ್ಸೊ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಕಾಯ್ದೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಫೋನ್, ಮೆಸೇಜ್ ಮೂಲಕ ಸಂಪರ್ಕಿಸಿದರೂ ಅದು ಅಪರಾಧ. ಪ್ರಾಜೆಕ್ಟ್ ಪುಸ್ತಕ ನೆನಪಿಸಿದ್ದು ಅದಕ್ಕೆ ಬರುವುದಿಲ್ಲ, ಹೆದರಬೇಡಿ. ಆದರೆ ಇದೇ ಕಾಯ್ದೆಯ 19ನೇ ಕಲಮು ಬಹಳ ಜನರಿಗೆ ಗೊತ್ತಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. 'ಶಾಲೆಯ ಮರ್ಯಾದೆ' ಅಂತ ಮುಚ್ಚಿಟ್ಟರೆ ಶಾಲೆಯ ಮುಖ್ಯಸ್ಥರಿಗೆ ಒಂದು ವರ್ಷದ ತನಕ ಜೈಲು ಇದೆ.

ಮೂರನೆಯದು ಹೊಸದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. 18 ತುಂಬದವರೆಲ್ಲ ಅದರಲ್ಲಿ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು.

ಬೆಂಗಳೂರು_ಕೋಡರ್
ಆದರೆ ವಾಟ್ಸ್ಆ್ಯಪ್ 13 ವರ್ಷಕ್ಕೇ ಖಾತೆ ಕೊಡುತ್ತದಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಪರವಾಗಿಲ್ಲ ಅನ್ನುತ್ತಾರೆ ಎಲ್ಲರೂ.

ಧಾರವಾಡ_ವಕೀಲ
13 ಆ ಕಂಪನಿಯ ನಿಯಮ, 18 ನಮ್ಮ ದೇಶದ ಕಾನೂನು. ಎರಡನ್ನೂ ಬೆರೆಸಬೇಡಿ. ಹಾಂ, ಆ ಕಾಯ್ದೆಯ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಜಾರಿ ಹಂತ ಹಂತವಾಗಿ. ಶಿಕ್ಷಣಕ್ಕಾಗಿ, ಮಕ್ಕಳ ಸುರಕ್ಷತೆಗಾಗಿ ಶಾಲೆಗಳಿಗೆ ಕೆಲವು ವಿನಾಯಿತಿಯೂ ಇದೆ. ಅದಕ್ಕೆ ಕಾಯುವುದೇಕೆ? ದಾಖಲಾತಿ ಸಮಯದಲ್ಲೇ ಪೋಷಕರ ಸಹಿ ಇರುವ ಒಂದು ಹಾಳೆ ತಗೊಳ್ಳಿ. ಯಾವ ನಂಬರ್, ಅದು ಯಾರದು, ಯಾವುದಕ್ಕೆ ಬಳಸುತ್ತೇವೆ, ಫೋಟೊ ಹಾಕಬಹುದಾ ಇಲ್ವಾ. ಇಷ್ಟೇ.

ಶಿವಮೊಗ್ಗ_ಅಪ್ಪ
ಫೋಟೊ ವಿಷಯ ತೆಗೆದದ್ದು ಒಳ್ಳೆಯದಾಯಿತು. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬಂದರೆ ಮಗುವಿನ ಮುಖ, ಪೂರ್ತಿ ಹೆಸರು, ಅಪ್ಪನ ಹೆಸರು, ಊರು, ಶಾಲೆ ಎಲ್ಲ ಬರೆದು ಫೇಸ್‌ಬುಕ್ಕಿಗೆ ಹಾಕುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದು ಗೊತ್ತು. ಆದರೆ ಗುರುತಿಲ್ಲದವನೊಬ್ಬ ಆ ಮಗುವನ್ನು ಬಸ್ ಸ್ಟ್ಯಾಂಡಿನಲ್ಲಿ ಹೆಸರು ಹಿಡಿದು ಕರೆಯಲು ಇಷ್ಟು ಸಾಕಲ್ವಾ? ನಾನು ಹೇಳಿದಾಗ 'ಬಹುಮಾನ ಬಂದಿದ್ದಕ್ಕೆ ಖುಷಿ ಇಲ್ವಾ ನಿಮಗೆ' ಅಂದರು.

ಹೊಸ_ಟೀಚರ್_ತುಮಕೂರು
ನಾನು ಕೆಲಸಕ್ಕೆ ಸೇರಿ ಸ್ವಲ್ಪ ದಿನ ಆಯಿತು ಅಷ್ಟೇ. ಮಕ್ಕಳು ಇನ್‌ಸ್ಟಾಗ್ರಾಮ್‌ನಲ್ಲಿ ರಿಕ್ವೆಸ್ಟ್ ಕಳಿಸುತ್ತಾರೆ. ಒಪ್ಪಿಕೊಳ್ಳದಿದ್ದರೆ 'ಯಾಕೆ ಮಿಸ್, ನಾನು ನಿಮಗೆ ಇಷ್ಟ ಇಲ್ವಾ' ಅಂತ ಸ್ಟಾಫ್ ರೂಮಿಗೆ ಬಂದು ಕೇಳುತ್ತಾರೆ. ಏನು ಮಾಡಲಿ?

ಸಿಆರ್‌ಪಿ_ಬೆಳಗಾವಿ
ಒಬ್ಬರನ್ನೂ ಒಪ್ಪಿಕೊಳ್ಳಬೇಡಿ. ಒಬ್ಬರನ್ನು ಒಪ್ಪಿ ಇನ್ನೊಬ್ಬರನ್ನು ಬಿಟ್ಟರೆ ನಿಜವಾಗಿಯೂ ನೋವಾಗುವುದು ಆಗ. ಕ್ಲಾಸಿನಲ್ಲಿ ಒಂದು ಸಲ ನೇರವಾಗಿ ಹೇಳಿಬಿಡಿ: 'ನೀವು ಎಸ್‌ಎಸ್‌ಎಲ್‌ಸಿ ಮುಗಿಸಿ ಹೋಗುವ ತನಕ ನನ್ನ ಖಾತೆಗೆ ಯಾರೂ ಇಲ್ಲ, ಎಲ್ಲರಿಗೂ ಒಂದೇ.' ಮಕ್ಕಳು ಎಲ್ಲರಿಗೂ ಒಂದೇ ಅನ್ನುವುದನ್ನು ಬೇಗ ಒಪ್ಪುತ್ತಾರೆ.

ಬೆಂಗಳೂರು_ಕೋಡರ್
ನಿಮ್ಮ ಖಾತೆಯನ್ನು ಪ್ರೈವೇಟ್ ಮಾಡಿಕೊಳ್ಳಿ ಮಿಸ್. 2025ರಿಂದ ಇಂಡಿಯಾದಲ್ಲೂ ಇನ್‌ಸ್ಟಾಗ್ರಾಮ್‌ನಲ್ಲಿ ಹದಿಹರೆಯದವರ ಖಾತೆ ಬೇರೆ ರೀತಿ ಇದೆ. ತಾನಾಗಿಯೇ ಪ್ರೈವೇಟ್ ಆಗಿರುತ್ತದೆ, 16 ತುಂಬದವರು ಆ ಬಿಗಿ ಸಡಿಲ ಮಾಡಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಆದರೆ ಅರ್ಧ ಮಕ್ಕಳು ಹುಟ್ಟಿದ ವರ್ಷವನ್ನೇ ಸುಳ್ಳು ಹಾಕಿರುತ್ತಾರೆ.

ಸ್ಟುಟ್‌ಗಾರ್ಟ್_ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ, ನಾನಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ಶಿಕ್ಷಕರು ಶಾಲೆಯ ಕೆಲಸಕ್ಕೆ ಫೇಸ್‌ಬುಕ್‌ನಂಥ ಜಾಲತಾಣ ಬಳಸಬಾರದು ಅಂತ 2013ರಲ್ಲೇ ಹೇಳಿಬಿಟ್ಟರು. ವಾಟ್ಸ್ಆ್ಯಪ್ ಕೂಡ ಇಲ್ಲ. ಸರ್ಕಾರವೇ ಶಿಕ್ಷಕರಿಗೆ ತ್ರೀಮಾ ಅನ್ನುವ ಬೇರೆ ಮೆಸೆಂಜರ್ ಕೊಟ್ಟಿದೆ. ಶಿಕ್ಷಕರ ಸ್ವಂತ ನಂಬರ್ ಪೋಷಕರಿಗೆ ಗೊತ್ತೇ ಇರುವುದಿಲ್ಲ. ನಮ್ಮಲ್ಲೂ ಯಾಕೆ ಮಾಡಬಾರದು?

ರಾಯಚೂರು_ಗಣಿತ
ಮಾಡಿಕೊಟ್ಟರೆ ಸಂತೋಷ ಸರ್. ಅವರಿಗೆ ನಿಲ್ಲಿಸಿ ಅಂದರೂ ಬದಲಿಗೆ ಬೇರೆ ಮೆಸೆಂಜರ್ ಕೊಟ್ಟರು. ನಮಗೆ ಬದಲಿ ಏನೂ ಕೊಡದೆ ನಿಲ್ಲಿಸಿ ಅಂದರೆ ನಾವು ಎಲ್ಲಿಗೆ ಹೋಗಬೇಕು? ಇಲಾಖೆಯ ಕೆಲಸವೇ ನಮ್ಮ ಸ್ವಂತ ಫೋನಿನಲ್ಲಿ, ಸ್ವಂತ ರೀಚಾರ್ಜಿನಲ್ಲಿ ನಡೆಯುತ್ತಿದೆ. ಬಿಸಿಯೂಟದ ಫೋಟೊ, ಹಾಲಿನ ಫೋಟೊ, ಮೊಟ್ಟೆ ಕೊಟ್ಟ ಫೋಟೊ, ಹಾಜರಾತಿ. ಬೆಳಗಿನ ಮೊದಲ ಪೀರಿಯಡ್ ಮುಗಿಯುವ ಮೊದಲೇ 'ಅರ್ಜೆಂಟ್' ಅಂತ ಮೆಸೇಜ್.

ಮಂಗಳೂರು_ಮಳೆ
ಅಯ್ಯೋ, ಆ 'ಅತಿ ಜರೂರು' ಮೆಸೇಜ್‌ಗಳು! ಮೇಷ್ಟ್ರು ಪಾಠದ ಮಧ್ಯೆ ಫೋನ್ ನೋಡುತ್ತಾರೆ ಅಂತ ಪೋಷಕರು ಬೈಯುತ್ತಾರೆ. ಯಾಕೆ ನೋಡುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ.

ತಾಂಡಾ_ಟೀಚರ್
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದರ ಬಗ್ಗೆಯೂ ಯಾರಾದರೂ ಮಾತಾಡಿ. ನಮ್ಮ ಮಕ್ಕಳು ಮೆಸೇಜ್ ಹಾಗೇ ಬರೆದು ಬರೆದು ಈಗ ಒತ್ತಕ್ಷರವೇ ಮರೆಯುತ್ತಿದ್ದಾರೆ. ಪ್ರಬಂಧದಲ್ಲಿ ಕಾಣುತ್ತಿದೆ. ಗ್ರೂಪಿನಲ್ಲಿ ನಾನು ಮಾತ್ರ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಡುವುದನ್ನೂ ಕಲಿಸುತ್ತೇನೆ.

ನಿವೃತ್ತ_ಮುಖ್ಯಶಿಕ್ಷಕ
ಈ ಕೆಲಸಕ್ಕೆ ಮಾತ್ರ ನನ್ನ ಪೂರ್ತಿ ಬೆಂಬಲ.

ಕೊಪ್ಪಳ_ಟೀಚರ್
ಬೆಳಗ್ಗೆಯಿಂದ ಓದುತ್ತಿದ್ದೇನೆ. ಒಬ್ಬೊಬ್ಬರಿಗೇ ಮೆಸೇಜ್ ಪೂರ್ತಿ ನಿಲ್ಲಿಸಿ ಅನ್ನುವವರಿಗೆ ಒಂದು ಸಂಗತಿ ಹೇಳಬೇಕು. ಊರು, ವರ್ಷ ಹೇಳುವುದಿಲ್ಲ.

ರಾತ್ರಿ ಒಂದು ಹುಡುಗಿಯಿಂದ ಮೆಸೇಜ್ ಬಂತು. ಒಂಬತ್ತನೇ ಕ್ಲಾಸು. 'ಮಿಸ್ ನಾಡಿದ್ದು ನನಗೆ ನಿಶ್ಚಯ. ಮುಂದಿನ ವಾರ ಮದುವೆ ಅಂತೆ. ನಾನು ಓದಬೇಕು.' ಅಷ್ಟೇ ಇತ್ತು. ಅಕ್ಕನ ಫೋನಿನಿಂದ ಕದ್ದು ಕಳಿಸಿದ್ದಳು, ಕಳಿಸಿ ಅಳಿಸಿಯೂ ಬಿಟ್ಟಳು. ಅವಳು ಶಾಲೆಗೆ ಬಂದು ವಾರದ ಮೇಲಾಗಿತ್ತು. ಕ್ಲಾಸಿನಲ್ಲಿ ಕೈ ಎತ್ತಿ ಹೇಳುವ ಹಾಗಿರಲಿಲ್ಲ. ಪ್ರಶ್ನೆ ಪೆಟ್ಟಿಗೆಗೂ ಹಾಕುವ ಹಾಗಿರಲಿಲ್ಲ. ಗ್ರೂಪಿನಲ್ಲಿ ಅವಳ ಚಿಕ್ಕಪ್ಪನೂ ಇದ್ದ.

ನಾನು ಅವಳಿಗೆ ತಿರುಗಿ ಬರೆಯಲಿಲ್ಲ, ಆ ಫೋನ್ ಯಾರ ಕೈಯಲ್ಲಿದೆಯೋ ಗೊತ್ತಿರಲಿಲ್ಲ. ಎಚ್‌ಎಂಗೆ ಆ ರಾತ್ರಿಯೇ ಫೋನ್ ಮಾಡಿದೆ. ಇಬ್ಬರೂ ಸೇರಿ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿದೆವು. ಬೆಳಗ್ಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯವರು, ಪೊಲೀಸರು ಮನೆಗೆ ಹೋದರು. ಮದುವೆ ನಿಂತಿತು. ನಮ್ಮ ರಾಜ್ಯದಲ್ಲಿ 2016ರ ತಿದ್ದುಪಡಿ ಆದಮೇಲೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅನ್ನುವುದನ್ನು ಆ ಅಧಿಕಾರಿಯೇ ಮನೆಯವರಿಗೆ ಬಿಡಿಸಿ ಹೇಳಿದರು. ಹುಡುಗಿ ಮತ್ತೆ ಶಾಲೆಗೆ ಬಂದಳು.

ನನ್ನ ನಂಬರ್ ಅವಳ ಹತ್ತಿರ ಇಲ್ಲದಿದ್ದರೆ?

ಪಿಯುಸಿ_ಹುಡುಗಿ
ಮಿಸ್, ನಿಮಗೆ ನಮಸ್ಕಾರ.

ಹಾಸನದ_ಅಮ್ಮ
ಓದಿ ಕಣ್ಣು ತುಂಬಿತು. ಆ ಹುಡುಗಿ ಚೆನ್ನಾಗಿರಲಿ.

ನಿವೃತ್ತ_ಮುಖ್ಯಶಿಕ್ಷಕ
ನೀವು ಮಾಡಿದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಮೆಸೇಜ್ ಬಂದದ್ದು ಮಗುವಿನಿಂದ. ನೀವು ಒಬ್ಬರೇ ಇಟ್ಟುಕೊಳ್ಳದೆ ಅದೇ ರಾತ್ರಿ ಎಚ್‌ಎಂಗೆ ಹೇಳಿದಿರಿ. ನನ್ನ ವಿರೋಧ ಇರುವುದು ಶಿಕ್ಷಕ ತಾನಾಗಿ ಮಗುವಿಗೆ ರಾತ್ರಿ ಮೆಸೇಜ್ ಮಾಡುವುದಕ್ಕೆ, ಅದು ಯಾರಿಗೂ ಗೊತ್ತಿಲ್ಲದೆ ನಡೆಯುವುದಕ್ಕೆ. ಅಂಥದ್ದು ಎಲ್ಲಿ ಹೋಗಿ ಮುಟ್ಟುತ್ತದೆ ಅಂತ ನನ್ನ ಸೇವೆಯಲ್ಲಿ ಕಂಡಿದ್ದೇನೆ. ಹೆಚ್ಚಿಗೆ ಹೇಳುವುದಿಲ್ಲ.

ಧಾರವಾಡ_ವಕೀಲ
ಸರ್ ಹೇಳಿದ ವ್ಯತ್ಯಾಸ ಸರಿಯಾಗಿದೆ. ಮಗು ಬರೆದರೆ ಬಾಗಿಲು ತೆರೆದಿರಲಿ. ಶಿಕ್ಷಕರು ಬರೆಯುವುದಾದರೆ ಇನ್ನೊಬ್ಬ ದೊಡ್ಡವರ ಕಣ್ಣೆದುರು ಬರೆಯಲಿ. ಒಂದು ಸೂಚನೆ: ಮಗು ಇಂಥದ್ದು ಕಳಿಸಿದರೆ ಅದನ್ನು ಅಳಿಸಬೇಡಿ, ಬೇರೆ ಗ್ರೂಪಿಗೆ ಫಾರ್ವರ್ಡ್ ಮಾಡಲೂ ಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು 1098ಕ್ಕೋ ಪೊಲೀಸರಿಗೋ ಮಾತ್ರ ಕೊಡಿ.

ಶಿವಮೊಗ್ಗ_ಅಪ್ಪ
ಅಪ್ಪನಾಗಿ ನನಗೂ ಇದು ಒಪ್ಪಿಗೆ. ನನ್ನ ಮಗಳಿಗೆ ಟೀಚರ್ ಮೆಸೇಜ್ ಮಾಡಿದರೆ ಅದರಲ್ಲಿ ನಾನೋ ಅವಳ ಅಮ್ಮನೋ ಇರಬೇಕು. ಡೌಟಿಗೆ ಮೂರು ಜನರ ಸಣ್ಣ ಗ್ರೂಪ್ ಮಾಡಿ: ಟೀಚರ್, ಮಗು, ಮನೆಯವರು. ಕ್ಲಾಸಿನವರು ಯಾರೂ ಇಲ್ಲ, ನಗುವವರೂ ಇಲ್ಲ.

ಪಿಯುಸಿ_ಹುಡುಗಿ
ಓಮನ ನಿಯಮಕ್ಕೆ ಅಪ್ಪ ಇದ್ದರೂ ಪರವಾಗಿಲ್ಲ. ಆದರೆ ಮನೆಯಲ್ಲೇ ತೊಂದರೆ ಇರುವವರಿಗೆ 1098 ಅನ್ನುವ ನಂಬರ್ ಬಾಯಿಪಾಠ ಆಗುವ ಹಾಗೆ ಕ್ಲಾಸಿನಲ್ಲಿ ಹೇಳಿಕೊಡಿ. ನಮಗೆ ಅದು ಗೋಡೆಯ ಮೇಲಿನ ಪೋಸ್ಟರ್ ಆಗಿತ್ತು ಅಷ್ಟೇ. ಅಲ್ಲಿಗೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ, ಏನು ಕೇಳುತ್ತಾರೆ ಅಂತ ಯಾರೂ ಹೇಳಿರಲಿಲ್ಲ.

ಸಿಆರ್‌ಪಿ_ಬೆಳಗಾವಿ
ಇದನ್ನು ಮುಂದಿನ ಸಮಾಲೋಚನಾ ಸಭೆಯಲ್ಲಿ ಇಡುತ್ತೇನೆ.

ಮಲ್ನಾಡ್_ಮೇಷ್ಟ್ರು
ಎಲ್ಲರಿಗೂ ತುಂಬಾ ಧನ್ಯವಾದ. ಎಸ್‌ಡಿಎಂಸಿ ಸಭೆಯ ಮುಂದೆ ಇಡಲು ಒಂದು ಕರಡು ಬರೆದಿದ್ದೇನೆ. ತಪ್ಪಿದ್ದರೆ ಹೇಳಿ.

'ನಮ್ಮ ಶಾಲೆಯ ವಾಟ್ಸ್ಆ್ಯಪ್ ಶಾಲೆಯ ಸಿಮ್‌ನಿಂದ ನಡೆಯುತ್ತದೆ, ಶಿಕ್ಷಕರ ಸ್ವಂತ ನಂಬರಿನಿಂದ ಅಲ್ಲ. ಪೋಷಕರು ಸಹಿ ಮಾಡಿ ಕೊಟ್ಟ ನಂಬರ್ ಮಾತ್ರ ಸೇರಿಸುತ್ತೇವೆ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದ ಹಾಗೆ ಕಮ್ಯುನಿಟಿ ಮಾಡುತ್ತೇವೆ. ಇಬ್ಬರು ಶಿಕ್ಷಕರು ಅಡ್ಮಿನ್, ಅವರಲ್ಲಿ ಒಬ್ಬರು ಮಹಿಳೆ. ಕ್ಲಾಸಿನ ಹಲಗೆ ಮೇಲೆ ಬರೆಯದ ಕೆಲಸವನ್ನು ಇಲ್ಲಿ ಕೊಡುವುದಿಲ್ಲ. ಸಂಜೆ ಏಳರ ಮೇಲೆ ಮಳೆ ರಜೆ ಬಿಟ್ಟು ಬೇರೇನೂ ಬರುವುದಿಲ್ಲ. ರಜೆಯನ್ನು ಎಚ್‌ಎಂ ದನಿಯಲ್ಲೇ ಹೇಳುತ್ತಾರೆ. ಶಿಕ್ಷಕರು ಮಗುವಿಗೆ ಒಬ್ಬರಿಗೇ ಮೆಸೇಜ್ ಮಾಡುವುದಿಲ್ಲ. ಡೌಟಿಗೆ ಮನೆಯವರೂ ಇರುವ ಸಣ್ಣ ಗ್ರೂಪ್. ಮಗು ತಾನಾಗಿ ಕಷ್ಟ ಹೇಳಿಕೊಂಡರೆ ಶಿಕ್ಷಕರು ಅವತ್ತೇ ಎಚ್‌ಎಂಗೆ ತಿಳಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಆ ಬ್ಯಾಚಿನ ನಂಬರ್‌ಗಳನ್ನು ತೆಗೆಯುತ್ತೇವೆ.'

ಕೊಪ್ಪಳ_ಟೀಚರ್
'ಅವತ್ತೇ ಎಚ್‌ಎಂಗೆ' ಅನ್ನುವಲ್ಲಿ ಒಂದು ಸೇರಿಸಿ. ದೂರು ಎಚ್‌ಎಂ ಮೇಲೆಯೇ ಇದ್ದರೆ ಏನು? '1098ಕ್ಕೆ ನೇರವಾಗಿಯೂ ಹೇಳಬಹುದು' ಅಂತ ಇರಲಿ. ಶಿಕ್ಷಕರಿಗೂ, ಮಗುವಿಗೂ.

ಬೆಂಗಳೂರು_ಕೋಡರ್
'ಪರೀಕ್ಷೆ ಮುಗಿದ ಮೇಲೆ' ಅನ್ನುವುದನ್ನೂ ಸ್ಪಷ್ಟ ಮಾಡಿ. ಎಸ್‌ಎಸ್‌ಎಲ್‌ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆಯಲ್ಲ. ಮೊದಲನೆಯದು ಮುಗಿದ ಕೂಡಲೇ ತೆಗೆದರೆ ಮುಂದಿನ ಪರೀಕ್ಷೆ ಬರೆಯುವ ಮಕ್ಕಳಿಗೇ ಮಾಹಿತಿ ತಪ್ಪುತ್ತದೆ. ಅವರಿಗೇ ಜಾಸ್ತಿ ಬೇಕಾಗಿರುವುದು.

ರಾಯಚೂರು_ಗಣಿತ
ಶಾಲೆಯ ಸಿಮ್‌ಗೆ ರೀಚಾರ್ಜ್ ಯಾರು ಮಾಡಿಸುತ್ತಾರೆ ಅನ್ನುವುದನ್ನೂ ಅದೇ ಸಭೆಯಲ್ಲಿ ಬರೆಸಿಕೊಳ್ಳಿ. ಬರೆಸದಿದ್ದರೆ ಮೂರನೇ ತಿಂಗಳಿಗೆ ನಿಮ್ಮ ಕಿಸೆಯಿಂದಲೇ ಹೋಗುತ್ತದೆ.

ಮಲ್ನಾಡ್_ಮೇಷ್ಟ್ರು
ಮೂರೂ ಸೇರಿಸಿದೆ. 1098 ಅನ್ನು ಹಲಗೆಯ ಮೂಲೆಯಲ್ಲಿ ಅಳಿಸದ ಹಾಗೆ ಪೇಂಟ್ ಮಾಡಿಸೋಣ ಅಂತಲೂ ಬರೆದಿದ್ದೇನೆ. ಸಭೆಯಲ್ಲಿ ಆ ತಂದೆಗೇ ಮೊದಲು ಓದಿ ಹೇಳುತ್ತೇನೆ. ಅವರು ಏನು ತಿದ್ದುಪಡಿ ಹೇಳಿದರು ಅನ್ನುವುದನ್ನು ಇಲ್ಲೇ ಬರೆಯುತ್ತೇನೆ.